ಪಕ್ಕದ ಕೋಶ ಉಳಿಯಿತು, ಇದೇಕೆ ಸತ್ತಿತು?

ಪಾರ್ಕಿನ್ಸನ್ ಕಾಯಿಲೆಯಿಂದ ನರಳಿ ತೀರಿಕೊಂಡವರ ಮಿದುಳಿನ ಕಾಂಡವನ್ನು ಅಡ್ಡ ಕೊಯ್ದರೆ ರೋಗ ಬರಿಗಣ್ಣಿಗೇ ಕಾಣುತ್ತದೆ. ಆರೋಗ್ಯವಂತರಲ್ಲಿ ಅಲ್ಲಿ ಕಾಡಿಗೆ ತೀಡಿದಂಥ ಎರಡು ಕಪ್ಪು ಪಟ್ಟಿಗಳಿರುತ್ತವೆ. ರೋಗಿಯಲ್ಲಿ ಅವು ಮಾಸಿಹೋಗಿರುತ್ತವೆ. ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಆ ಜಾಗದಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಸತ್ತಿರುತ್ತವೆ. ಕೆಲವೇ ಮಿಲಿಮೀಟರ್ ಆಚೆ, ಅದೇ ಡೋಪಮೈನ್ ತಯಾರಿಸುವ ಇನ್ನೊಂದು ಗುಂಪು ಬಹುಮಟ್ಟಿಗೆ ಉಳಿದುಕೊಂಡಿರುತ್ತದೆ. ಅದೇ ರಕ್ತ, ಅದೇ ವಯಸ್ಸು, ಅದೇ ವಂಶವಾಹಿ. ಆದರೂ ಈ ತಾರತಮ್ಯ.

ಸತ್ತ ಕೋಶದ ದಿನಚರಿಯನ್ನು ನೋಡಿದರೆ ಕಾರಣ ತಿಳಿಯುತ್ತಾ ಹೋಗುತ್ತದೆ. ಮನುಷ್ಯರಲ್ಲಿ ಇಂಥ ಒಂದೊಂದು ಕೋಶದ ಎಳೆಯ ಕವಲುಗಳನ್ನೆಲ್ಲ ಜೋಡಿಸಿದರೆ ನಾಲ್ಕು ಮೀಟರ್ ದಾಟುತ್ತದೆ, ಸಂಪರ್ಕಗಳು ಹತ್ತು ಲಕ್ಷ ಮೀರುತ್ತವೆ ಎಂಬ ಅಂದಾಜಿದೆ. ಯಾರೂ ಕರೆಯದಿದ್ದರೂ ಅದು ಹಗಲಿರುಳು ತಾನಾಗಿಯೇ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಹೊರಹಾಕಲು ಮೈಟೊಕಾಂಡ್ರಿಯಾಗಳು ಬಿಡುವಿಲ್ಲದೆ ಶಕ್ತಿ ಒದಗಿಸಿ ಸವೆಯುತ್ತವೆ. ಪಕ್ಕದ ಗುಂಪಿನಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಕ್ಯಾಲ್‌ಬಿಂಡಿನ್ ಎಂಬ ಪ್ರೋಟೀನ್ ಧಾರಾಳವಾಗಿದೆ. ಇಲ್ಲಿ ಅದು ಕಡಿಮೆ.

ಈ ಕೋಶದ ಕಸುಬಿನ ಬಾಗಿಲಿನಿಂದಲೇ ಸಾವು ಒಳಬಂದದ್ದೂ ಉಂಟು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆಯಾದ ಕೃತಕ ಹೆರಾಯಿನ್ ಚುಚ್ಚಿಕೊಂಡ ಕೆಲವು ಯುವಜನರು ಕೆಲವೇ ದಿನಗಳಲ್ಲಿ ಕೈಕಾಲು ಆಡದೆ ಮರಗಟ್ಟಿಹೋದರು. ಎಂಪಿಟಿಪಿ ಎಂಬ ಕಲ್ಮಶ ಮಿದುಳಿನಲ್ಲಿ ವಿಷವಾಗಿ ಮಾರ್ಪಟ್ಟಿತ್ತು. ಚೆಲ್ಲಿದ ಡೋಪಮೈನನ್ನು ಮರಳಿ ಒಳಗೆಳೆದುಕೊಳ್ಳಲೆಂದು ಕೋಶ ಇಟ್ಟುಕೊಂಡ ದಾರಿಯಲ್ಲೇ ಆ ವಿಷವೂ ಒಳಹೊಕ್ಕಿತು.

ಕೋಶಗಳ ಸಂಖ್ಯೆಯೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ ಎಂಬ ಸುಳಿವು ಬೆಂಗಳೂರಿನ ನಿಮ್ಹಾನ್ಸ್‌ನಿಂದ ಬಂತು. 1998ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ, ಆರೋಗ್ಯವಂತ ಭಾರತೀಯರ ಮಿದುಳಿನಲ್ಲಿ ಈ ಕಪ್ಪು ಕೋಶಗಳು ಬ್ರಿಟನ್ನಿನವರಿಗಿಂತ ಸುಮಾರು ಶೇ 40ರಷ್ಟು ಕಡಿಮೆ ಇದ್ದವು. ವಯಸ್ಸಾದಂತೆ ಅವು ಕರಗಿರಲೂ ಇಲ್ಲ. ಕೋಶಗಳು ಕಡಿಮೆಯೆಂದು ನಮ್ಮಲ್ಲಿ ಕಾಯಿಲೆಯೇನೂ ಪಾಶ್ಚಾತ್ಯರಿಗಿಂತ ಹೆಚ್ಚಿಲ್ಲ. ಈ ಅಧ್ಯಯನಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಎಂಬುದು ನನ್ನ ಭಾವನೆ.



ಕ್ಯಾಲ್ಸಿಯಂ ನುಗ್ಗುವುದನ್ನು ತಡೆದರೆ ಕೋಶ ಉಳಿಯಬಹುದೆಂದು, ರಕ್ತದೊತ್ತಡದ ಮಾತ್ರೆ ಇಸ್ರಾಡಿಪಿನ್ ಅನ್ನು ರೋಗಿಗಳಿಗೆ 36 ತಿಂಗಳು ಕೊಟ್ಟು ನೋಡಿದರು. 2020ರಲ್ಲಿ ಬಂದ ಫಲಿತಾಂಶ ನಿರಾಶೆ ತಂದಿತು. ಆದರೆ ಕೈ ನಡುಗಿ ವೈದ್ಯರ ಬಳಿ ಹೋಗುವ ಹೊತ್ತಿಗೆ ಈ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಹಾಗಾಗಿ ಸಂಶೋಧಕರು ಈಗ ನಡುಕ ಶುರುವಾಗುವ ಎಷ್ಟೋ ವರ್ಷ ಮೊದಲೇ ವಾಸನೆ ತಿಳಿಯದಾದವರನ್ನು, ಕನಸಿನಲ್ಲಿ ಕಿರುಚಿ ಕೈಕಾಲು ಬಡಿಯುವವರನ್ನು ಹುಡುಕುತ್ತಿದ್ದಾರೆ.