ಹೊಲದಾಳಿನ ಸೂಟಿಗೆ ಪಗಾರ ಯಾರು ಕೊಡಬೇಕು?



2025ರ ನವೆಂಬರಿನಲ್ಲಿ ರಾಜ್ಯ ಸರಕಾರವು ಒಂದು ಆದೇಶ ಹೊರಡಿಸಿತು. ಕಾರ್ಖಾನೆ, ಅಂಗಡಿ, ಕಾಫಿ-ಚಹಾ ತೋಟ, ಬೀಡಿ ಕೆಲಸ, ಮೋಟಾರು ಸಾರಿಗೆ ಇವುಗಳಲ್ಲಿ ದುಡಿಯುವ 18ರಿಂದ 52 ವಯಸ್ಸಿನ ಹೆಣ್ಣುಮಕ್ಕಳಿಗೆ ಮುಟ್ಟಿನ ನಿಮಿತ್ತ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ ಪಗಾರಸಹಿತ ಸೂಟಿ ಕೊಡಬೇಕೆಂಬುದೇ ಆ ಆದೇಶ. ಮರುತಿಂಗಳೇ ಬೆಂಗಳೂರಿನ ಹೋಟೆಲು ಮಾಲಕರ ಸಂಘವು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. "ಪಟ್ಟಣದವರ ಜಗಳ, ನಮ್ಮ ಹೊಲಕ್ಕೇನು ಸಂಬಂಧ?" ಎಂದು ತಾವು ಕೇಳಬಹುದು. ಸಂಬಂಧವುಂಟು. ಬಸುರಿ, ಬಾಣಂತಿ, ಬೇನೆಯವರು ಹೊಲದಲ್ಲಿಯೂ ಇದ್ದಾರೆ. ಆದೇಶದಲ್ಲಿ ಮಾತ್ರ ಹೊಲದ ಹೆಸರಿಲ್ಲ.

ಈ ವಾದ ಹೊಸದಲ್ಲ. ಕಿತ್ತೂರು ನಾಡು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1928ರಲ್ಲಿ, ಅಲ್ಲಿನ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಭತ್ಯದ ಮಸೂದೆ ಬಂದಿತು. ಖರ್ಚು ಯಾರದೆಂಬ ಪ್ರಶ್ನೆ ಅಂದೂ ಎದ್ದಿತು. ಡಾ. ಅಂಬೇಡ್ಕರರು ಮಸೂದೆಯ ಪರವಾಗಿ ಮಾತನಾಡಿದರು. ತಾಯಿಗೆ ವಿಶ್ರಾಂತಿ ದೊರೆಯುವುದು ಇಡೀ ದೇಶದ ಹಿತ, ಆದ್ದರಿಂದ ಭಾರದ ಬಹುಪಾಲು ಸರಕಾರ ಹೊರಬೇಕಾದದ್ದು. ಆದರೂ ಹೆಣ್ಣಾಳಿನಿಂದ ಲಾಭ ಪಡೆಯುವ ಮಾಲಕನು ಪೂರಾ ಹೊರಗುಳಿಯುವಂತಿಲ್ಲ ಎಂಬುದು ಅವರ ಮಾತಿನ ಸಾರ. 1929ರಲ್ಲಿ ಕಾಯಿದೆಯಾಯಿತು. ಅದು ಗಿರಣಿ-ಕಾರ್ಖಾನೆಗಳ ಹೆಣ್ಣುಮಕ್ಕಳಿಗೆ, ಹೊಲದವರಿಗಲ್ಲ.

ಸೂಟಿಯ ಪಗಾರ ಕೊಡಲು ಮೂರು ದಾರಿಗಳಿವೆ.

ಒಂದು, ಮಾಲಕನೊಬ್ಬನೇ ಕೊಡುವುದು. 1961ರ ಕಾಯಿದೆಯಲ್ಲಿ ಹೆರಿಗೆ ರಜೆ 12 ವಾರವಿತ್ತು. 2017ರಲ್ಲಿ ಮೊದಲ ಎರಡು ಮಕ್ಕಳಿಗೆ ಅದು 26 ವಾರವಾಯಿತು. 2025ರ ನವೆಂಬರ್ 21ರಿಂದ ಇದೇ ಹಕ್ಕು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಹಕ್ಕು ದೊಡ್ಡದು. ಆದರೆ ಪೂರಾ ಖರ್ಚು ತನ್ನ ಮೇಲೆಯೇ ಬಿದ್ದರೆ ಸಣ್ಣ ಮಾಲಕನು ಹರೆಯದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ಕರೆಯಲು ಹಿಂಜರಿಯುತ್ತಾನೆಂಬ ಅಂಜಿಕೆಯೂ ಇದೆ.

ಎರಡು, ಎಲ್ಲರೂ ವಂತಿಗೆ ಹಾಕುವುದು. ಕಾರ್ಮಿಕರ ರಾಜ್ಯ ವಿಮೆಯಲ್ಲಿ, ಅಂದರೆ ಇ.ಎಸ್.ಐ.ಯಲ್ಲಿ, ತಿಂಗಳಿಗೆ 21,000 ರೂಪಾಯಿಯವರೆಗೆ ಪಗಾರವಿರುವ ಕೆಲಸಗಾರರ ಪ್ರತಿ 100 ರೂಪಾಯಿಗೆ ಮಾಲಕ 3.25, ಕೆಲಸಗಾರ 0.75 ರೂಪಾಯಿ ಕಟ್ಟುತ್ತಾರೆ. ಬೇನೆ ಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಪಗಾರದ ನೂರಕ್ಕೆ 70ರಷ್ಟು ದೊರೆಯುತ್ತದೆ. ಹೆರಿಗೆಯ ಹಣವೂ ಇದರಿಂದಲೇ. ಗಂಡಾಳಿರಲಿ ಹೆಣ್ಣಾಳಿರಲಿ ವಂತಿಗೆ ಒಂದೇ. ಆದ್ದರಿಂದ ಮಾಲಕನಿಗೆ ಭೇದ ಮಾಡುವ ಕಾರಣವಿಲ್ಲ.

ಮೂರು, ಸರಕಾರದ ಬೊಕ್ಕಸದಿಂದ ಕೊಡುವುದು. 2017ರ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಈ ಬಗೆಯದು.

ಈಗ ನಮ್ಮ ಹೊಲದಾಳನ್ನು ನೋಡಿರಿ. ಇಂದು ಒಬ್ಬರಲ್ಲಿ ಹತ್ತಿ ಬಿಡಿಸುತ್ತಾಳೆ, ನಾಳೆ ಇನ್ನೊಬ್ಬರಲ್ಲಿ ಕಳೆ ತೆಗೆಯುತ್ತಾಳೆ. ಅವಳ ಮಾಲಕ ಯಾರು? ಮೊದಲ ಎರಡು ದಾರಿಗಳು ಅವಳ ಮನೆ ಮುಟ್ಟುವುದಿಲ್ಲ. ಹಾಗೆಂದು ಎರಡು-ಮೂರು ಎಕರೆಯ ಒಕ್ಕಲಿಗನು ಆರು ತಿಂಗಳ ಕೂಲಿ ಕೂಡ್ರಿಸಿ ಕೊಡಲಾರ; ಅವನೇ ಸಾಲಗಾರ. ಅವನ ಹೆಂಡತಿ ಹೊಲದೊಡತಿಯೂ ಹೌದು, ಕೂಲಿಯಿಲ್ಲದ ಆಳೂ ಹೌದು. ಆದ್ದರಿಂದ ಇವರಿಬ್ಬರಿಗೂ ಉಳಿದದ್ದು ಮೂರನೆಯ ದಾರಿಯೊಂದೇ.

ಆ ದಾರಿ ಇನ್ನೂ ಕಿರಿದಾಗಿದೆ. ಮೊದಲ ಮಗುವಿಗೆ ಸಿಗುವುದು 5,000 ರೂಪಾಯಿ. ದಿನಗೂಲಿ 300 ಎಂದು ಹಿಡಿದರೆ ಅದು 17 ದಿನಕ್ಕೂ ಸಾಲದು. ಪಗಾರದಾಕೆಗೆ 26 ವಾರ, ಅಂದರೆ 182 ದಿನ.

ವಿಶ್ರಾಂತಿಗೆ ದಾರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದ ಬೀಡ ಜಿಲ್ಲೆಯೇ ಸಾಕ್ಷಿ. ಅಲ್ಲಿಯ ಕಬ್ಬು ಕಡಿಯುವ ಗ್ಯಾಂಗುಗಳು ನಮ್ಮ ಸೀಮೆಗೂ ಬರುತ್ತವೆ. ಮುಂಗಡ ಪಡೆದು ಬಂದ ಜೋಡಿ ಒಂದು ದಿನ ತಪ್ಪಿದರೆ ದಂಡ ತೆರಬೇಕು. 2019ರಲ್ಲಿ ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿಯು 82,000ಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ವಿಚಾರಿಸಿದಾಗ 13,000ಕ್ಕೂ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದರು. ಕೆಲಸ ತಪ್ಪೀತೆಂಬ ಭಯವೂ ಅದಕ್ಕೊಂದು ಕಾರಣವೆಂದು ವರದಿಗಳು ಹೇಳಿದವು.

ದಾರಿ ಅಗಲವಾಗಬೇಕೆಂದು ಗ್ರಾಮಸಭೆಯಲ್ಲಿ ಕೇಳಿರಿ. ಅಷ್ಟರವರೆಗೆ ಕೈಗೆ ಬರುವುದನ್ನು ಬಿಡಬೇಡಿರಿ:

1. ಬಸುರಿಯೆಂದು ತಿಳಿದ ಕೂಡಲೇ ಅಂಗನವಾಡಿಯಲ್ಲಿ ಹೆಸರು ಬರೆಸಿರಿ. ತಾಯಿ ಕಾರ್ಡು, ಆಧಾರ, ತಾಯಿಯ ಹೆಸರಿನಲ್ಲೇ ಬ್ಯಾಂಕಿನ ಖಾತೆ ಬೇಕು. ಖಾತೆಗೆ ಆಧಾರ ಜೋಡಿಸಿರಬೇಕು.

2. ಬಿ.ಪಿ.ಎಲ್. ಪಡಿತರ ಚೀಟಿ, ಇ-ಶ್ರಮ ಕಾರ್ಡು ಅಥವಾ ರೈತ ಮಹಿಳೆಯ ಕಿಸಾನ ಸಮ್ಮಾನ ನೋಂದಣಿ, ಇಂಥದೊಂದು ಕಾಗದ ಜೊತೆಗಿರಲಿ.

3. ನೋಂದಣಿ ಮತ್ತು ಒಂದು ತಪಾಸಣೆಯಾದ ಮೇಲೆ 3,000 ರೂಪಾಯಿ. ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆ ಮುಗಿದ ಮೇಲೆ 2,000. ಎರಡನೆಯದು ಹೆಣ್ಣು ಮಗುವಾದರೆ 6,000.

4. ಬಸುರಿಗೆ ಭಾರ ಹೊರುವ ಕೆಲಸ ಹೇಳಬೇಡಿರಿ. ಬಾಣಂತಿಯ ಮನೆಯ ಹೊಲಕ್ಕೆ ಓಣಿಯವರು ಮುಯ್ಯಾಳಾಗಿ ಹೋಗಿರಿ. ಬಿತ್ತಿಗೆ, ರಾಶಿಗೆ ಮುಯ್ಯಿ ನಡೆಸುವವರು ನಾವು, ಹೆರಿಗೆಗೂ ನಡೆಸಬಹುದು.

ಗಬ್ಬದ ಎಮ್ಮೆಯನ್ನು ಗಾಡಿಗೆ ಕಟ್ಟುವ ಒಕ್ಕಲಿಗನು ನಮ್ಮಲ್ಲಿ ಯಾರೂ ಇಲ್ಲ. ಆ ವಿವೇಕ ಮನೆಯ ಹೆಣ್ಣುಮಗಳಿಗೂ ಹೊಲದ ಆಳಿಗೂ ಸಲ್ಲಲಿ.