ಬಸಳೆಯ ಚಪ್ಪರವೂ ಒಂದೆಲಗದ ಹಾಸೂ

ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಬಂದ ನಮ್ಮವರು ಹಿತ್ತಿಲನ್ನು ಹೊತ್ತು ತರಲಾರರು. ಆದರೂ ಆ ಹಿತ್ತಿಲಿನ ಎರಡು ಸಸ್ಯಗಳ ನೆನಪು ಅವರನ್ನು ಹಿಂಬಾಲಿಸಿಯೇ ಬಂದಿದೆ. ಒಂದು, ಬಾವಿಕಟ್ಟೆಯ ಬಳಿ ಚಪ್ಪರವೇರಿ ನಿಂತ ಬಸಳೆ. ಇನ್ನೊಂದು, ತೋಡಿನ ಅಂಚಿನಲ್ಲಿ ನೆಲಕ್ಕಂಟಿ ಹಬ್ಬಿದ ಒಂದೆಲಗ. ತುಳುವಿನಲ್ಲಿ ಇದಕ್ಕೆ ತಿಮರೆ ಎನ್ನುವರು. ನೇರೂಳಿನ ಸೀವುಡ್ಸ್ ಭಾಗದಲ್ಲಿ ವಾಸಿಸುವ ನಮ್ಮ ವಾಚಕ ಬಂಧುಗಳಲ್ಲಿ ಈ ಎರಡನ್ನೂ ಕುಂಡದಲ್ಲಿ ಬೆಳೆಸುವ ಆಸೆಯುಳ್ಳವರು ಕಡಿಮೆಯೇನಲ್ಲ. ಗಿಡ ಸೊರಗಿದಾಗ, “ಇಲ್ಲಿಯ ನೀರು, ಮಣ್ಣು ನಮ್ಮದಲ್ಲ” ಎಂದು ಕೈಬಿಡುವವರೂ ಉಂಟು. ದೋಷವು ನೀರಿನದೂ ಅಲ್ಲ, ಮಣ್ಣಿನದೂ ಅಲ್ಲ. ಎರಡು ಬೇರೆ ಸ್ವಭಾವದ ಸಸ್ಯಗಳಿಗೆ ಒಂದೇ ಉಪಚಾರ ಮಾಡುವುದರಲ್ಲಿಯೇ ತೊಡಕಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಬಿಸಿಲಿನ ವಿಚಾರ. ಬಸಳೆಯು ಬಿಸಿಲಿನ ಮಗಳು. ದಿನಕ್ಕೆ ಐದಾರು ಗಂಟೆಗಳ ನೇರ ಬಿಸಿಲು ದೊರೆತರೆ ಎಲೆ ಅಂಗೈಯಗಲವಾಗಿ, ದಪ್ಪನಾಗಿ ಬರುವುದು. ನೆರಳಿನಲ್ಲಿ ಬಳ್ಳಿ ಸಾಯದಾದರೂ ತೆಳ್ಳಗೆ ಉದ್ದವಾಗಿ ಬೆಳೆದು ಸಾರಿಗೆ ಸಾಲದಾಗುವುದು. ಒಂದೆಲಗಕ್ಕಾದರೋ ಬೆಳಗಿನ ಎಳೆಬಿಸಿಲು ಸಾಕು; ಮಧ್ಯಾಹ್ನದ ಕಡುಬಿಸಿಲಿಗೆ ಅದರ ಎಲೆ ಹಳದಿಯಾಗಿ ಮುದುಡುವುದು. ಸೀವುಡ್ಸ್ ಸುಮಾರು 19ನೆಯ ಉತ್ತರ ಅಕ್ಷಾಂಶದಲ್ಲಿದೆ. ವರ್ಷದ ಬಹುಭಾಗ ಇಲ್ಲಿ ನಡುಹಗಲಿನ ಸೂರ್ಯನು ದಕ್ಷಿಣಕ್ಕೆ ವಾಲಿರುತ್ತಾನೆ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಮಾತ್ರ ನೆತ್ತಿಯಿಂದ ತುಸು ಉತ್ತರಕ್ಕೆ ಸರಿಯುತ್ತಾನೆ. ಆ ದಿನಗಳಲ್ಲಿ ಹೆಚ್ಚಿನ ಪಾಲನ್ನು ಮಳೆಮೋಡವು ಕಸಿದುಕೊಳ್ಳುವುದು. ಆದುದರಿಂದ ದಕ್ಷಿಣ ಅಥವಾ ಪಶ್ಚಿಮಕ್ಕೆ ತೆರೆದ ಗ್ಯಾಲರಿಯುಳ್ಳವರು ಬಸಳೆಯನ್ನು ನೆಡಲಿ. ಉತ್ತರದ ಕಿಟಕಿಯೊಂದೇ ಇರುವವರು, ಎದುರಿನ ಕಟ್ಟಡದ ನೆರಳಿನಲ್ಲಿ ಬಾಳುವವರು, ಒಂದೆಲಗವನ್ನು ನೆಚ್ಚಲಿ. ಬಿಸಿಲಿಲ್ಲದ ಕೋಣೆಗೂ ಒಂದು ಹಸುರು ಉಂಟೆಂಬುದು ಸಣ್ಣ ಸಮಾಧಾನವೇನಲ್ಲ.

ಎರಡನೆಯದು ಬೇರಿನ ಮಾತು. ಬಸಳೆಯ ಬಳ್ಳಿ ಹಲವು ಅಡಿ ಮೇಲೇರುವುದು. ಅಷ್ಟು ದಂಟನ್ನೂ ಎಲೆಯನ್ನೂ ಸಾಕಬೇಕಾದ ಬೇರಿಗೆ ಆಳ ಬೇಕು. ಒಂದಡಿಗೆ ಕಡಿಮೆಯಿಲ್ಲದ ಆಳದ ಕುಂಡ, ತಳದಲ್ಲಿ ನೀರು ಬಸಿಯಲು ತೂತು, ಕೆಂಪು ಮಣ್ಣಿಗೆ ಸರಿಸಮ ಹಳೆಯ ಸೆಗಣಿ ಗೊಬ್ಬರ ಅಥವಾ ಕಾಂಪೋಸ್ಟ್, ತಿಂಗಳಿಗೊಮ್ಮೆ ಮತ್ತೊಂದು ಹಿಡಿ ಗೊಬ್ಬರ. ಇಷ್ಟಿಲ್ಲದೆ ಅದು ತೃಪ್ತಿಪಡದು. ಒಂದೆಲಗದ ಬಾಳು ಬೇರೆ ತೆರನಾದುದು. ಅದರ ತೆಳುವಾದ ಹಂಬು ನೆಲದ ಮೇಲೆ ತೆವಳುತ್ತಾ, ಹೋದ ಹೋದಲ್ಲಿ ಗಿಣ್ಣಿಗೊಂದು ಬೇರು ಬಿಡುತ್ತದೆ. ಅದಕ್ಕೆ ಆಳ ಬೇಡ, ಅಗಲ ಬೇಕು. ಆರು ಅಂಗುಲ ಆಳದ ಹಳೆಯ ಟಬ್ಬು, ಒಡೆದ ಬಾಲ್ದಿಯ ತಳಭಾಗ, ಮೀನಿನ ಥರ್ಮೊಕೋಲ್ ಪೆಟ್ಟಿಗೆ, ಯಾವುದಾದರೂ ಆದೀತು. ಕಟ್ಟಡ ಕೆಲಸ ನಡೆದಲ್ಲಿಯ ಸುಣ್ಣ, ಸಿಮೆಂಟು ಬೆರೆತ ಮಣ್ಣನ್ನು ಮಾತ್ರ ಎರಡಕ್ಕೂ ಬಳಸಬಾರದು.

ನೀರು ಎರಡಕ್ಕೂ ಬೇಕು, ಆದರೆ ಬೇಕಾದ ಬಗೆ ಒಂದೇ ಅಲ್ಲ. ಬಸಳೆಯ ದಂಟು ಎಲೆಗಳು ರಸಭರಿತವಾದುದರಿಂದ ಒಂದೆರಡು ದಿನ ತಡೆದುಕೊಳ್ಳಬಲ್ಲುದು. ನೀರಿನ ಕೊರತೆ ಮುಂದುವರಿದರೆ ಅದು ಎಲೆಯನ್ನು ಬಿಟ್ಟು ಹೂವಿನ ಕಡೆಗೆ ಮನಸ್ಸು ಹರಿಸುವುದು, ಎಲೆ ಕಹಿಯಾಗುವುದು. ಬೇರಿನಲ್ಲಿ ನೀರು ನಿಂತರೂ ಕೊಳೆಯುವುದು. ಒಂದೆಲಗವು ಕೆಸರಿನ ಅಂಚಿನಲ್ಲಿ ಹುಟ್ಟಿದ್ದು. ಮಣ್ಣು ಸದಾ ಒದ್ದೆಯಾಗಿದ್ದರೆ ಅದಕ್ಕೆ ಸಂತೋಷ; ಮೇ ತಿಂಗಳಲ್ಲಿ ತೆಳುವಾದ ಮಣ್ಣು ಒಂದು ದಿನ ಒಣಗಿದರೂ ಬಾಡಿಬಿಡುತ್ತದೆ. ಹೋಟೆಲಿನಲ್ಲಿ ದುಡಿದು ನಡುರಾತ್ರಿ ಕೋಣೆಗೆ ಮರಳುವವರಿಗೆ, ರಜೆಯಲ್ಲಿ ಊರಿಗೆ ಹೋಗುವವರಿಗೆ ಇದೇ ದೊಡ್ಡ ಚಿಂತೆ. ಮುಚ್ಚಳವಿರುವ ಡಬ್ಬದಲ್ಲಿ ನೀರು ತುಂಬಿಸಿ, ಮುಚ್ಚಳದ ತೂತಿನಿಂದ ಹತ್ತಿಬಟ್ಟೆಯ ಬತ್ತಿಯೊಂದನ್ನು ಕುಂಡದ ಮಣ್ಣಿಗೆ ಹಾಯಿಸಿದರೆ ಕೆಲವು ದಿನಗಳ ತೇವಕ್ಕೆ ಸಾಕು. ತಟ್ಟೆಯಲ್ಲಿ ನೀರು ನಿಲ್ಲಿಸುವುದು ತರವಲ್ಲ. ಡೆಂಗಿಯ ಸೊಳ್ಳೆ ಮೊಟ್ಟೆಯಿಡುವುದು ಅಂಥ ನಿಂತ ತಿಳಿನೀರಿನಲ್ಲಿಯೇ.

ಇನ್ನು ಆಸರೆ. ಬಸಳೆಗೆ ಹತ್ತಲು ಏನಾದರೂ ಬೇಕು. ಊರಿನ ಅಡಕೆಯ ಸಲಾಕೆಯ ಚಪ್ಪರ ಇಲ್ಲಿಲ್ಲದಿದ್ದರೇನು? ಕಿಟಕಿಯ ಕಬ್ಬಿಣದ ಸರಳಿಗೆ ಸೆಣಬಿನ ಹುರಿ ಕಟ್ಟಿದರೆ ಸಾಕು. ಬಳ್ಳಿಯ ತುದಿಯನ್ನು ಆಗಾಗ ಚಿವುಟಿದರೆ ಮಗ್ಗುಲಲ್ಲಿ ಕವಲೊಡೆದು ಚಪ್ಪರ ದಟ್ಟವಾಗುವುದು. ಒಂದೆಲಗಕ್ಕೆ ಆಸರೆ ಬೇಡ. ಬಸಳೆಯ ಕುಂಡ ಅಗಲವಾಗಿದ್ದರೆ ಅದರ ಬುಡದಲ್ಲಿಯೇ ಹಾಸಿಕೊಂಡು, ಬಳ್ಳಿಯ ನೆರಳನ್ನು ತಾನು ಪಡೆದು, ಮಣ್ಣಿನ ತೇವವನ್ನು ಬಸಳೆಗೆ ಉಳಿಸಿಕೊಡುವುದು. ನೀರು, ಗೊಬ್ಬರ ಎರಡಕ್ಕೂ ಸಾಲುವಂತೆ ನೋಡಿಕೊಂಡರಾಯಿತು.

ಬೀಜವನ್ನು ಹುಡುಕಿ ಅಲೆಯಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಬಸಳೆಯನ್ನು ಮಾಯಾಳು ಎಂದು ಕೇಳಿದರೆ ಮರಾಠಿ ವ್ಯಾಪಾರಿಗೆ ತಿಳಿಯುತ್ತದೆ. ಎಲೆಯನ್ನು ಅಡಿಗೆಗೆ ಬಿಡಿಸಿಕೊಂಡು, ಮೂರು ನಾಲ್ಕು ಗಿಣ್ಣುಗಳಿರುವ ಬಲಿತ ದಂಟನ್ನು ಊರಿದರೆ ಬೇರು ಬಿಡುತ್ತದೆ; ಸುಮಾರು ಎರಡು ತಿಂಗಳಿಗೆ ಮೊದಲ ಕುಯಿಲು ಸಿಕ್ಕೀತು. ಒಂದೆಲಗವನ್ನು ಇಲ್ಲಿ ಬ್ರಾಹ್ಮಿ ಎನ್ನುವುದುಂಟು. ಎಚ್ಚರಿಕೆ ಬೇಕಾದುದು ಇಲ್ಲಿಯೇ. ಅದೇ ಹೆಸರಿನಲ್ಲಿ ನೀರುಬ್ರಾಹ್ಮಿಯೆಂಬ ಬೇರೊಂದು ಸಸ್ಯವನ್ನೂ ಮಾರುತ್ತಾರೆ. ಅದರ ಎಲೆ ಚಿಕ್ಕದು, ದಪ್ಪ. ಒಂದೆಲಗದ್ದು ದುಂಡಗೆ, ಅಂಚು ಹಲ್ಲುಹಲ್ಲಾಗಿ, ಉದ್ದ ತೊಟ್ಟಿನ ಮೇಲೆ ಒಂದೊಂದಾಗಿ ನಿಂತಿರುವುದು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿಯಾದಂದಿನಿಂದ ಕರಾವಳಿಯ ಊರುಗಳು ನಮಗೆ ಒಂದು ರಾತ್ರಿಯ ದೂರದಲ್ಲಿವೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಹಂಬು ಅಷ್ಟು ಪ್ರಯಾಣವನ್ನು ಸುಖವಾಗಿ ತಾಳಬಲ್ಲುದು.

ಕೊನೆಯದಾಗಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಸಳೆಯನ್ನು ನಾವು ಬೇಯಿಸಿ ಉಣ್ಣುತ್ತೇವೆ; ಒಂದೆಲಗದ ತಂಬುಳಿಯನ್ನೂ ಚಟ್ನಿಯನ್ನೂ ಹಸಿಯಾಗಿಯೇ ಅರೆದು ಉಣ್ಣುತ್ತೇವೆ. ಅಲ್ಲದೆ ಒಂದೆಲಗವು ಬೆಳೆದ ನೆಲದ ಸೀಸವೇ ಮೊದಲಾದ ಲೋಹಗಳನ್ನು ಹೀರಿಕೊಳ್ಳುವ ಸ್ವಭಾವದ ಸಸ್ಯ. ಹೀಗಿರುವಾಗ ನಾಲೆಯ ಬದಿಯಲ್ಲಿಯೋ, ರೈಲುಹಳಿಯ ಪಕ್ಕದ ಕೊಳಚೆಯಲ್ಲಿಯೋ ಹಸುರಾಗಿ ಕಂಡಿತೆಂದು ಕಿತ್ತು ತರುವುದು ಎಷ್ಟುಮಾತ್ರಕ್ಕೂ ಸಲ್ಲದು. ಊರಿನ ತೋಡಿನ ನೀರು ಬೇರೆ, ನಗರದ ನಾಲೆಯ ನೀರು ಬೇರೆ. ನವಿಮುಂಬಯಿ ಮಹಾನಗರಪಾಲಿಕೆ ಮೋರ್ಬೆ ಅಣೆಕಟ್ಟಿನಿಂದ ತಂದು ಕೊಡುವ ನಲ್ಲಿಯ ನೀರಿನಲ್ಲಿ, ತಿಳಿದ ಮಣ್ಣಿನಲ್ಲಿ ಬೆಳೆದುದನ್ನೇ, ಚೆನ್ನಾಗಿ ತೊಳೆದು ಬಳಸಬೇಕು. ಮೂತ್ರಕೋಶದಲ್ಲಿ ಕಲ್ಲಿನ ತೊಂದರೆಯುಳ್ಳವರು ಬಸಳೆಯನ್ನೂ, ಪಿತ್ತಕೋಶ ಯಕೃತ್ತುಗಳ ರೋಗವುಳ್ಳವರು ಒಂದೆಲಗವನ್ನೂ ವೈದ್ಯರ ಸಲಹೆ ಪಡೆದೇ ಉಣ್ಣುವುದು ಲೇಸು.

ಏರುವುದಕ್ಕೆ ಆಸರೆಯನ್ನೂ, ಹಬ್ಬುವುದಕ್ಕೆ ನೆರಳನ್ನೂ ಕೊಟ್ಟರೆ ಎರಡೂ ಪರನೆಲದಲ್ಲಿ ಬಾಳಬಲ್ಲವು. ಮುಂಗಾರಿನ ಮೊದಲ ಮಳೆ ಇವನ್ನು ನೆಡಲು ತಕ್ಕ ಕಾಲ. ಅದರೊಳಗೆ ನಮ್ಮ ವಾಚಕರು ತಮ್ಮ ಗ್ಯಾಲರಿಗೆ ಬಿಸಿಲು ಯಾವ ಹೊತ್ತಿಗೆ ಬಂದು ಯಾವ ಹೊತ್ತಿಗೆ ಹೋಗುವುದೆಂದು ಒಂದು ರವಿವಾರ ಗಮನಿಸಿ ನೋಡಲಿ. ಯಾವುದನ್ನು ನೆಡಬೇಕೆಂಬುದನ್ನು ಆ ಬಿಸಿಲೇ ಹೇಳುವುದು.