ಚಿನ್ನದ ಗಣಿಯಲ್ಲಿ ಕಾಣದ ಕಿರಣ

ಬಂಗಾರಪೇಟೆ ದೊಡ್ಡ ರೈಲು ಜಂಕ್ಷನ್. ಇಲ್ಲಿಂದ ಒಂದು ಕವಲು ದಾರಿ ಕೆಜಿಎಫ್‌ಗೆ ಹೋಗುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂಬ ಸ್ಟೇಷನ್ನುಗಳು ಆ ದಾರಿಯಲ್ಲಿವೆ. ಇವತ್ತು ಈ ಕಡೆಯ ಸಾವಿರಾರು ಜನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಒಂದು ಕಾಲದಲ್ಲಿ ಬೇರೆ ಊರಿನ ಜನ ಕೆಲಸ ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದರು. ಯಾಕೆಂದರೆ ಇಲ್ಲಿ ಚಿನ್ನದ ಗಣಿ ಇತ್ತು.

ಆ ಗಣಿ 3 ಕಿಲೋಮೀಟರಿಗಿಂತ ಹೆಚ್ಚು ಆಳ. 2001ರ ಫೆಬ್ರವರಿ 28ರಂದು ಅದನ್ನು ಮುಚ್ಚಿದರು. ಅಲ್ಲಿ ಚಿನ್ನ ತೆಗೆದದ್ದು ಎಲ್ಲರಿಗೂ ಗೊತ್ತು. ಆದರೆ ಜಗತ್ತೇ ತಿರುಗಿ ನೋಡುವಂಥ ವಿಜ್ಞಾನದ ಕೆಲಸವೂ ಅಲ್ಲಿ ನಡೆಯಿತು. ಅದು ಬಹಳ ಜನರಿಗೆ ಗೊತ್ತಿಲ್ಲ. ಬನ್ನಿ, ತಿಳಿಯೋಣ.

ವಿಕಿರಣ ಅಂದರೆ ಏನು?

ಒಲೆ ಮುಂದೆ ಕೂತರೆ ಮೈಗೆ ಶಾಖ ತಾಗುತ್ತದೆ. ನಾವು ಒಲೆಯನ್ನು ಮುಟ್ಟಿರುವುದಿಲ್ಲ. ಆದರೂ ಬಿಸಿ ಬರುತ್ತದೆ ಅಲ್ಲವೇ? ಹೀಗೆ ಒಂದು ಕಡೆಯಿಂದ ಹೊರಟು ಸುತ್ತ ಹರಡುವ ಶಕ್ತಿಗೆ ವಿಕಿರಣ ಅಂತ ಹೆಸರು. ಬಿಸಿಲೂ ವಿಕಿರಣವೇ. ರೇಡಿಯೋಗೆ ಬರುವ ಅಲೆಯೂ ವಿಕಿರಣವೇ.

ಎಲ್ಲಾ ವಿಕಿರಣ ಒಂದೇ ತರಹ ಅಲ್ಲ. ಕೆಲವು ಬಹಳ ಬಲವಾದವು. ಆಸ್ಪತ್ರೆಯ ಎಕ್ಸ್‌ರೇ ಅಂಥದ್ದು. ಯುರೇನಿಯಂ, ರೇಡಿಯಂ ಎಂಬ ಲೋಹಗಳಿಂದ ಬರುವ ಕಿರಣವೂ ಅಂಥದ್ದೇ. ಇವು ಕಣ್ಣಿಗೆ ಕಾಣುವುದಿಲ್ಲ. ವಾಸನೆ ಇಲ್ಲ. ಸದ್ದಿಲ್ಲ. ಆದರೆ ಮೈಯೊಳಗೆ ಹೊಕ್ಕು ಹೋಗುತ್ತವೆ. ಹೆಚ್ಚಾದರೆ ಕ್ಯಾನ್ಸರ್ ಬರಬಹುದು. ಹೊಟ್ಟೆಯಲ್ಲಿರುವ ಮಗುವಿಗೂ ತೊಂದರೆ ಆಗಬಹುದು.

ಅದಕ್ಕೇ ಒಂದು ಮಾತು ನೆನಪಿಡಿ. ನೀವು ಬಸುರಿ ಆಗಿದ್ದರೆ ಅಥವಾ ಮುಟ್ಟು ನಿಂತಿದ್ದರೆ, ಎಕ್ಸ್‌ರೇ ತೆಗೆಯುವ ಮೊದಲೇ ಡಾಕ್ಟರಿಗೆ ಹೇಳಿ. ನಾಚಿಕೆ ಬೇಡ. ಹಾಗಂತ ಎಕ್ಸ್‌ರೇ ಅಂದರೇ ಹೆದರಬೇಕಾಗಿಲ್ಲ. ಮುರಿದ ಮೂಳೆ, ಕ್ಷಯ ರೋಗ ಇವನ್ನು ಕಂಡುಹಿಡಿಯಲು ಅದು ಬೇಕು. ಎಷ್ಟು ಬೇಕೋ ಅಷ್ಟೇ ಬಳಸಬೇಕು.

ಆಕಾಶದಿಂದ ಬರುವ ಕಿರಣ

ಆಕಾಶದಿಂದಲೂ ಹಗಲು ರಾತ್ರಿ ಕಾಣದ ಕಿರಣ ಬೀಳುತ್ತಿರುತ್ತದೆ. ಅದಕ್ಕೆ ವಿಶ್ವಕಿರಣ ಅನ್ನುತ್ತಾರೆ. ಅದು ಗಾಳಿಗೆ ಬಡಿದಾಗ ಬಹಳ ಸಣ್ಣ ಸಣ್ಣ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಒಂದರ ಹೆಸರು ಮ್ಯೂಆನ್. ನಿಮ್ಮ ಅಂಗೈ ಚಾಚಿ. ಒಂದು ಸೆಕೆಂಡಿಗೆ ಸುಮಾರು ಒಂದು ಮ್ಯೂಆನ್ ಅದರ ಮೂಲಕ ಹಾದುಹೋಗುತ್ತದೆ. ಭಯ ಬೇಡ. ಇದು ಮನುಷ್ಯ ಹುಟ್ಟುವ ಮೊದಲಿನಿಂದಲೂ ಇದೆ.

ಈ ಕಣಗಳು ಭೂಮಿಯೊಳಗೆ ಎಷ್ಟು ಆಳಕ್ಕೆ ಹೋಗುತ್ತವೆ? ಇದನ್ನು ತಿಳಿಯಬೇಕಾದರೆ ಆಳಕ್ಕೆ ಇಳಿಯಬೇಕು. ನಮ್ಮ ದೇಶದಲ್ಲಿ ಕೆಜಿಎಫ್‌ನಷ್ಟು ಆಳದ ಗಣಿ ಇನ್ನೊಂದು ಇರಲಿಲ್ಲ.

ನಂಜನಗೂಡಿನ ಹುಡುಗ ಗಣಿಗೆ ಇಳಿದ

ಬಿ. ವಿ. ಶ್ರೀಕಂಠನ್ ಹುಟ್ಟಿದ್ದು 1925ರಲ್ಲಿ, ಮೈಸೂರು ಹತ್ತಿರದ ನಂಜನಗೂಡಿನಲ್ಲಿ. ಓದಿದ್ದು ಭೌತ ವಿಜ್ಞಾನ. 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದರು. ಆ ಸಂಸ್ಥೆ ಕಟ್ಟಿದವರು ಹೋಮಿ ಭಾಭಾ. 1951ರಲ್ಲಿ ಭಾಭಾ ಅವರು ಶ್ರೀಕಂಠನ್ ಅವರನ್ನು ಕೆಜಿಎಫ್‌ಗೆ ಕಳಿಸಿದರು.

ಶ್ರೀಕಂಠನ್ ಕಿರಣ ಎಣಿಸುವ ಯಂತ್ರ ಹೊತ್ತು ಗಣಿಗೆ ಇಳಿದರು. ಒಳಗೆ ಕತ್ತಲೆ. ಸೆಖೆ. ಕೆಳಗೆ ಹೋದಷ್ಟೂ ಬಂಡೆ ಬಿಸಿ. ಬೇರೆ ಬೇರೆ ಆಳದಲ್ಲಿ ಯಂತ್ರ ಇಟ್ಟು ಎಣಿಸಿದರು. ಮುಂದೆ ಇನ್ನೂ ಹಲವು ವಿಜ್ಞಾನಿಗಳು ಈ ಕೆಲಸಕ್ಕೆ ಸೇರಿದರು.

ಅವರಿಗೆ ಕಂಡದ್ದು ಏನು? ನೀವು ರಾಗಿ ಹಿಟ್ಟು ಜರಡಿ ಹಿಡಿಯುತ್ತೀರಿ. ತರಿ ಮೇಲೆ ನಿಲ್ಲುತ್ತದೆ. ನಯವಾದ ಹಿಟ್ಟು ಕೆಳಗೆ ಬೀಳುತ್ತದೆ. ಭೂಮಿಯೂ ಒಂದು ಜರಡಿಯ ಹಾಗೆ. ಆಳಕ್ಕೆ ಹೋದಷ್ಟೂ ಮ್ಯೂಆನ್ ಕಡಿಮೆ ಆಗುತ್ತಾ ಬಂತು. ತೀರಾ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೂ ಸಿಗಲಿಲ್ಲ.

1965ರಲ್ಲಿ ಸಿಕ್ಕ ಕಣ

ಮ್ಯೂಆನ್ ಇಲ್ಲದ ಜಾಗ ಸಿಕ್ಕಿತು. ಈಗ ಇನ್ನೂ ನಯವಾದ ಕಣವನ್ನು ಹುಡುಕಬಹುದು ಎಂದು ವಿಜ್ಞಾನಿಗಳು ಯೋಚಿಸಿದರು. ಅದೇ ನ್ಯೂಟ್ರಿನೊ. ಅದು ಎಂಥದ್ದು ಗೊತ್ತೇ? ಇಡೀ ಭೂಮಿಯನ್ನೇ ತೂರಿ ಆಚೆ ಹೋಗುತ್ತದೆ. ಸೂರ್ಯನಿಂದಲೂ ನ್ಯೂಟ್ರಿನೊ ಬರುತ್ತದೆ. ನಿಮ್ಮ ಹೆಬ್ಬೆರಳಿನ ಉಗುರಿನ ಮೂಲಕ ಒಂದೇ ಸೆಕೆಂಡಿನಲ್ಲಿ ಸಾವಿರಾರು ಕೋಟಿ ನ್ಯೂಟ್ರಿನೊ ಹಾದುಹೋಗುತ್ತವೆ. ನಮಗೆ ಏನೂ ಆಗುವುದಿಲ್ಲ. ಅವು ಯಾವುದಕ್ಕೂ ತಾಗುವುದೇ ಅಪರೂಪ.

ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2,300 ಮೀಟರ್ ಆಳದಲ್ಲಿ ಯಂತ್ರ ಇಟ್ಟರು. ಟಾಟಾ ಸಂಸ್ಥೆಯವರ ಜೊತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ಊರುಗಳ ವಿಜ್ಞಾನಿಗಳೂ ಇದ್ದರು. 1965ರಲ್ಲಿ ಒಂದು ಕಣ ಪಕ್ಕದಿಂದ ಬಂದ ಗುರುತು ಯಂತ್ರದಲ್ಲಿ ಕಂಡಿತು. ಪಕ್ಕದಿಂದ ಬರಬೇಕಾದರೆ ಎಷ್ಟೋ ಕಿಲೋಮೀಟರ್ ಬಂಡೆ ದಾಟಿ ಬರಬೇಕು. ಆಕಾಶದ ಮ್ಯೂಆನ್‌ಗೆ ಅದು ಆಗುವುದಿಲ್ಲ. ಹಾಗಾದರೆ ಬಂದದ್ದು ಯಾರು? ನ್ಯೂಟ್ರಿನೊ. ಅದು ಹತ್ತಿರದ ಬಂಡೆಗೆ ತಾಗಿ, ಅಲ್ಲಿ ಹುಟ್ಟಿದ ಕಣ ಯಂತ್ರಕ್ಕೆ ಸಿಕ್ಕಿತ್ತು.

ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೊ ಹೀಗೆ ಸಿಕ್ಕಿದ್ದನ್ನು ಜಗತ್ತಿಗೆ ಮೊದಲು ಪ್ರಕಟಿಸಿದ್ದು ಇವರೇ. ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಶ್ರೀಕಂಠನ್ ಮುಂದೆ ಟಾಟಾ ಸಂಸ್ಥೆಯ ನಿರ್ದೇಶಕರಾದರು. 2019ರಲ್ಲಿ ತೀರಿಕೊಂಡರು.

ಈ ಕೆಲಸದಲ್ಲಿ ಗಣಿ ಕಾರ್ಮಿಕರ ಬೆವರೂ ಇದೆ. ಸುರಂಗ ಕೊರೆದವರು ಅವರು. ಕಲ್ಲಿನ ದೂಳು ಕುಡಿದು ಎಷ್ಟೋ ಜನರ ಶ್ವಾಸಕೋಶ ಹಾಳಾಯಿತು. ಬಂಡೆ ಸಿಡಿದು ಎಷ್ಟೋ ಜನ ಸತ್ತರು. ಅವರ ಮನೆಯ ಹೆಂಗಸರು ಆ ಕಷ್ಟ ಉಂಡವರು.

ಗಣಿಗೆ ಕರೆಂಟು ಕೊಟ್ಟ ಕಾವೇರಿ

ಅಷ್ಟು ಆಳಕ್ಕೆ ಇಳಿಯಲು ಲಿಫ್ಟ್ ಬೇಕು. ನೀರು ಎತ್ತಲು ಪಂಪು ಬೇಕು. ಒಳಗೆ ಗಾಳಿ ತುಂಬಬೇಕು. ಅದಕ್ಕೆಲ್ಲ ಶಕ್ತಿ ಎಲ್ಲಿಂದ ಬಂತು? ಮೊದಲು ಸೌದೆ, ಕಲ್ಲಿದ್ದಲು ಉರಿಸುತ್ತಿದ್ದರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಅಲ್ಲಿ ಕಾವೇರಿ ನದಿ ಎತ್ತರದಿಂದ ಧುಮುಕುತ್ತದೆ. ಆ ನೀರು ಚಕ್ರ ತಿರುಗಿಸುತ್ತದೆ. ಚಕ್ರ ತಿರುಗಿದರೆ ಕರೆಂಟು. ಸುಮಾರು 150 ಕಿಲೋಮೀಟರ್ ದೂರ ತಂತಿ ಎಳೆದು ಅದನ್ನು ಕೆಜಿಎಫ್‌ಗೆ ತಂದರು. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದು 1905ರಲ್ಲಿ, ಮೂರು ವರ್ಷ ಆದ ಮೇಲೆ!

ಚಿನ್ನ ತೆಗೆದರೆ ಮುಗಿಯುತ್ತದೆ. ಕಲ್ಲಿದ್ದಲು ಉರಿಸಿದರೆ ಬೂದಿ. ಆದರೆ ಮಳೆ ಮತ್ತೆ ಬರುತ್ತದೆ. ಗಾಳಿ ಮತ್ತೆ ಬೀಸುತ್ತದೆ. ಸೂರ್ಯ ನಾಳೆಯೂ ಹುಟ್ಟುತ್ತಾನೆ. ಇವುಗಳಿಂದ ಸಿಗುವುದು ಮುಗಿಯದ ಶಕ್ತಿ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಈಗ ಬಿಸಿಲಿನಿಂದ ಕರೆಂಟು ಮಾಡುತ್ತಾರೆ. ರೈತರ ಜಮೀನಿಗೆ ವರ್ಷ ವರ್ಷ ಬಾಡಿಗೆ ಸಿಗುತ್ತದೆ. ಆದರೆ ಜಮೀನು ಇಲ್ಲದ ಕೂಲಿಯವರಿಗೆ ಬಾಡಿಗೆ ಇಲ್ಲ. ಇದನ್ನೂ ನಾವು ಯೋಚಿಸಬೇಕು.

ಅಣುವಿನಿಂದ ಕರೆಂಟು

ಇನ್ನೊಂದು ದಾರಿ ಅಣು ವಿದ್ಯುತ್ತು. ನಮ್ಮ ರಾಜ್ಯದಲ್ಲಿ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಇದನ್ನು 2000ದಿಂದ ಮಾಡುತ್ತಿದ್ದಾರೆ. ಅಲ್ಲಿ ಯುರೇನಿಯಂ ಅಣು ಒಡೆದು ಶಾಖ ಪಡೆಯುತ್ತಾರೆ. ಆ ಶಾಖದಲ್ಲಿ ನೀರು ಕುದಿಸುತ್ತಾರೆ. ಹಬೆಯಿಂದ ಚಕ್ರ ತಿರುಗುತ್ತದೆ. ಹೊಗೆ ಇಲ್ಲ. ಮಳೆ ಇಲ್ಲದಾಗಲೂ, ರಾತ್ರಿಯೂ ಕರೆಂಟು ಸಿಗುತ್ತದೆ.

ಆದರೆ ಈ ಒಲೆಯ ಬೂದಿ ಬೇರೆ ತರಹದ್ದು. ಉರಿದು ಉಳಿದ ಯುರೇನಿಯಂ ಸಾವಿರಾರು ವರ್ಷ ವಿಕಿರಣ ಸೂಸುತ್ತದೆ. ಅದನ್ನು ಬಹಳ ಭದ್ರವಾಗಿ ಇಡಬೇಕು. ಸೂರ್ಯನ ಒಡಲಲ್ಲೂ ಅಣುವಿನ ಶಕ್ತಿಯೇ ಇದೆ. ಆದರೆ ಆ ಒಲೆ 15 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಅದರ ಬೂದಿ ನಮ್ಮ ಅಂಗಳಕ್ಕೆ ಬೀಳುವುದಿಲ್ಲ.

2012ರಲ್ಲಿ ಜನ ಕೇಳಿದ ಪ್ರಶ್ನೆ

2012ರ ನವೆಂಬರಿನಲ್ಲಿ ಒಂದು ಸುದ್ದಿ ಹಬ್ಬಿತು. ತಮಿಳುನಾಡಿನ ಕೂಡಂಕುಳಂ ಅಣು ವಿದ್ಯುತ್ ಕೇಂದ್ರದ ಕಸವನ್ನು ಕೆಜಿಎಫ್ ಗಣಿಯಲ್ಲಿ ಹೂಳುತ್ತಾರಂತೆ! ಜನ ಬೀದಿಗೆ ಇಳಿದರು. ನಮ್ಮ ನೀರಿನ ಗತಿ ಏನು, ಮಕ್ಕಳ ಗತಿ ಏನು ಎಂಬುದು ಅವರ ಚಿಂತೆ. ಅಂಥ ಯೋಜನೆ ಇಲ್ಲ ಎಂದು ಆಮೇಲೆ ಅಣು ವಿದ್ಯುತ್ ನಿಗಮ ಹೇಳಿತು. ಹಿಂದೆ ಗಣಿಯ ಒಂದು ಭಾಗದಲ್ಲಿ ಹೀಟರ್ ಇಟ್ಟು ಬಂಡೆ ಬಿಸಿಯನ್ನು ಹೇಗೆ ತಡೆಯುತ್ತದೆ ಎಂದು ನೋಡಿದ್ದರು. ಆ ಪರೀಕ್ಷೆಯಲ್ಲಿ ವಿಕಿರಣದ ವಸ್ತು ಇರಲಿಲ್ಲ.

ನೋಡಿ, ಒಂದೇ ಗಣಿ. ಅಲ್ಲಿ ಹಾದುಹೋದ ನ್ಯೂಟ್ರಿನೊದಿಂದ ಯಾರಿಗೂ ಕೇಡಿಲ್ಲ. ಅಣು ಕಸ ಬಂದಿದ್ದರೆ ಮಾತು ಬೇರೆ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಎರಡಕ್ಕೂ ಹೆದರಿದರೆ ಅದು ಮೂಢನಂಬಿಕೆ. ಎರಡಕ್ಕೂ ಸುಮ್ಮನಿದ್ದರೆ ಅದು ಅಪಾಯ. ಯಾವುದು ಏನು ಅಂತ ತಿಳಿದುಕೊಂಡರೆ ನಾವು ಸರಿಯಾದ ಪ್ರಶ್ನೆ ಕೇಳಬಹುದು. ಎಷ್ಟು ವಿಕಿರಣ? ಎಷ್ಟು ವರ್ಷ? ಅಳೆಯುವವರು ಯಾರು? ಅಳೆದದ್ದನ್ನು ನಮಗೆ ಹೇಳುತ್ತಾರಾ?

ಓದಲು ಕಲಿತ ನಾವು ಕೇಳಲೂ ಕಲಿಯೋಣ.

ಕೂಡಿ ಮಾತಾಡಿ

1. ವಿಕಿರಣ ಅಂದರೆ ಏನು? ಮನೆಯಲ್ಲಿ ನೀವು ಕಂಡ ಎರಡು ಉದಾಹರಣೆ ಹೇಳಿ.
2. ಎಕ್ಸ್‌ರೇ ತೆಗೆಯುವ ಮೊದಲು ಬಸುರಿ ಹೆಂಗಸು ಏನು ಹೇಳಬೇಕು?
3. ಭೂಮಿಯನ್ನು ಜರಡಿ ಅಂತ ಯಾಕೆ ಹೇಳಿದೆ?
4. ನಿಮ್ಮ ಮನೆಗೆ ಬರುವ ಕರೆಂಟು ಯಾವ ಯಾವುದರಿಂದ ಆಗುತ್ತದೆ? ಕೇಳಿ ತಿಳಿಯಿರಿ.
5. ಗಣಿಯಲ್ಲಿ ದುಡಿದವರು ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇದ್ದಾರಾ? ಅವರ ಅನುಭವ ಕೇಳಿ, ನಾಲ್ಕು ಸಾಲು ಬರೆಯಿರಿ.